ಅಳೆಯುವ ಸೇರು ಒಂದೇ ಇರಲಿ

ಕೊಟ್ಟ ಹಣಕ್ಕೆ ತಕ್ಕ ಕೆಲಸ ದೊರೆಯಿತೆ ಎಂಬ ಪ್ರಶ್ನೆ ವ್ಯವಹಾರದಷ್ಟೇ ಪುರಾತನವಾದುದು. ವೃತ್ತಿಪರ ಕ್ರೀಡೆಯಲ್ಲಿ ಆಟಗಾರನ ವೇತನವೂ ಬಹಿರಂಗ, ಸಾಧನೆಯೂ ಬಹಿರಂಗ. ಆದುದರಿಂದ ಅಲ್ಲಿಯಾದರೂ ಈ ಪ್ರಶ್ನೆಗೆ ಉತ್ತರ ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವದಲ್ಲಿ ಅದು ಎಷ್ಟು ಕಠಿಣವೆಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ವಿಚಾರಯೋಗ್ಯವಾಗಿದೆ.

ಅಮೆರಿಕ ಹಾಗೂ ಕೆನಡಾಗಳಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಅಂಗಣದಲ್ಲಿ ಸ್ಕೇಟ್ ಕಟ್ಟಿಕೊಂಡು ಆಡುವ ಆಟ. ಅಲ್ಲಿಯ ನ್ಯಾಷನಲ್ ಹಾಕಿ ಲೀಗಿನ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡವು 2000ನೆಯ ಇಸವಿಯಲ್ಲಿ, ಹೊಸ ಆಟಗಾರರ ಆಯ್ಕೆಯ ಮೊತ್ತಮೊದಲ ಸರದಿಯಲ್ಲೇ ರಿಕ್ ಡಿಪಿಯೆಟ್ರೊ ಎಂಬ ತರುಣ ಗೋಲ್‌ಕೀಪರನ್ನು ಆರಿಸಿಕೊಂಡಿತು. 2006ರಲ್ಲಿ ಅವರೊಡನೆ 15 ವರ್ಷಗಳಿಗೆ 6 ಕೋಟಿ 75 ಲಕ್ಷ ಡಾಲರುಗಳ, ಎಂದರೆ ವರ್ಷಕ್ಕೆ 45 ಲಕ್ಷ ಡಾಲರುಗಳ ಕರಾರು ಮಾಡಿಕೊಂಡಿತು. ಮುಂದಿನ ಎರಡು ಋತುಗಳಲ್ಲಿ ಅವರು ಕ್ರಮವಾಗಿ 62 ಮತ್ತು 63 ಪಂದ್ಯಗಳನ್ನು ಆಡಿದರು. ಅನಂತರ ಸೊಂಟ, ಮೊಣಕಾಲುಗಳ ತೊಂದರೆ ಹಾಗೂ ಶಸ್ತ್ರಚಿಕಿತ್ಸೆಗಳು ಒಂದರ ಹಿಂದೊಂದು ಬಂದವು. 2008ರಿಂದ 2013ರವರೆಗಿನ ಐದು ಋತುಗಳಲ್ಲಿ ಅವರು ಲೀಗಿನಲ್ಲಿ ಆಡಿದ್ದು ಒಟ್ಟು 50 ಪಂದ್ಯ ಮಾತ್ರ. 2013ರಲ್ಲಿ ತಂಡವು ಅವರನ್ನು ಬಿಡುಗಡೆ ಮಾಡಿತು. ಉಳಿದಿದ್ದ 3 ಕೋಟಿ 60 ಲಕ್ಷ ಡಾಲರುಗಳಲ್ಲಿ, ಲೀಗಿನ ನಿಯಮದಂತೆ ಮೂರನೆಯ ಎರಡು ಭಾಗವನ್ನು 16 ಕಂತುಗಳಲ್ಲಿ, 2029ರವರೆಗೆ ವರ್ಷಕ್ಕೆ 15 ಲಕ್ಷ ಡಾಲರಿನಂತೆ ಸಲ್ಲಿಸಬೇಕೆಂದು ತೀರ್ಮಾನವಾಯಿತು. ಆಡದವನಿಗೆ ಸಂಬಳವೆಂದು ಲೋಕ ನಕ್ಕಿತು.

ಈ ನಗು ನ್ಯಾಯವಾದುದೆ? ಮೊದಲು ನೋಡಬೇಕಾದುದು, ಕರಾರಿನ ದಿನ ಕ್ರಯವಾದ ವಸ್ತು ಯಾವುದು ಎಂಬುದನ್ನು. ಅಡಿಕೆಯ ಫಸಲು ಮರದ ಮೇಲಿರುವಾಗಲೇ ತೋಟವನ್ನು ಚೇಣಿಗೆ ಹಿಡಿಯುವ ವರ್ತಕನು ಮಳೆಗಾಲದ ಅಪಾಯವನ್ನೂ ಸೇರಿಸಿಯೇ ಹಿಡಿಯುತ್ತಾನೆ. ಕೊಳೆರೋಗ ಬಂದು ಕಾಯಿ ಉದುರಿದರೆ ಅವನಿಗೆ ನಷ್ಟವಾಗುವುದು ನಿಜ. ಆದರೆ ತೋಟದವನು ಮೋಸಗಾರನೆಂದು ಹೇಳುವ ಅಧಿಕಾರ ಅವನಿಗಿಲ್ಲ. ರೋಗ ಮೊದಲೇ ತಗುಲಿದ್ದು ತೋಟದವನು ಮರೆಮಾಚಿದ್ದರೆ ಮಾತು ಬೇರೆ. ಕರಾರಿನ ತರುವಾಯ ಎರಡು ಋತು ಪೂರ್ಣವಾಗಿ ದುಡಿದವರ ಮೇಲೆ ಅಂಥ ಆರೋಪ ನಿಲ್ಲಲಾರದು. ಆಟಗಾರನು ಮಾರುವುದು ತನ್ನ ಶ್ರಮವನ್ನು, ಅಭ್ಯಾಸವನ್ನು, ನಿಷ್ಠೆಯನ್ನು; ಮೂಳೆ ಮುರಿಯದೆಂಬ ಭರವಸೆಯನ್ನಲ್ಲ. 2013ರಲ್ಲಿ ಕೆಳದರ್ಜೆಯ ಬ್ರಿಡ್ಜ್‌ಪೋರ್ಟ್ ತಂಡಕ್ಕೆ ಕಳುಹಿಸಿದಾಗಲೂ ಡಿಪಿಯೆಟ್ರೊ ಅಲ್ಲಿಗೆ ಹೋಗಿ ಆಡಿದರು. ಕೊಡಬೇಕಾದುದನ್ನು ಕೊಡಲು ಅವರು ಹಿಂಜರಿದವರಲ್ಲ.

ಎರಡನೆಯದಾಗಿ, ಕರಾರಿನಿಂದ ತಂಡಕ್ಕೂ ಲಾಭದ ಆಸೆಯಿತ್ತೆಂಬುದನ್ನು ಮರೆಯಬಾರದು. ಪ್ರತಿಯೊಂದು ತಂಡವೂ ಆಟಗಾರರ ವೇತನಕ್ಕೆಂದು ವ್ಯಯಿಸಬಹುದಾದ ಹಣಕ್ಕೆ ಲೀಗು 2005ರಿಂದ ಮಿತಿ ವಿಧಿಸಿದೆ. 2006-07ರಲ್ಲಿ ಆ ಮಿತಿ 4 ಕೋಟಿ 40 ಲಕ್ಷ ಡಾಲರು. ಅದರಲ್ಲಿ 45 ಲಕ್ಷವೆಂದರೆ ಹತ್ತನೆಯ ಒಂದು ಪಾಲು. ಕರಾರಿನ ಕೊನೆಯ ವರ್ಷವಾಗಬೇಕಿದ್ದ 2020-21ರ ಹೊತ್ತಿಗೆ ಮಿತಿ 8 ಕೋಟಿ 15 ಲಕ್ಷಕ್ಕೆ ಏರಿತ್ತು. ಅದೇ 45 ಲಕ್ಷ ಆಗ ಹದಿನೆಂಟನೆಯ ಒಂದು ಪಾಲಷ್ಟೆ. ಅವರು ಆರೋಗ್ಯದಿಂದ ಆಡುತ್ತಲೇ ಇದ್ದಿದ್ದರೆ ತಂಡದ ಯಜಮಾನರನ್ನು ದೂರದೃಷ್ಟಿಯುಳ್ಳವರೆಂದು ಇದೇ ಜನ ಹೊಗಳುತ್ತಿದ್ದರು. ತಪ್ಪಿದ್ದರೆ ಅದು 15 ವರ್ಷಗಳ ಭವಿಷ್ಯವನ್ನು ಒಂದು ದೇಹದ ಮೇಲೆ ಹೂಡಿದ ಲೆಕ್ಕಾಚಾರದಲ್ಲಿದೆ. ಮುಂದೆ 2013ರಲ್ಲಿ ಲೀಗು, ಸ್ವಂತ ತಂಡದ ಆಟಗಾರನಿಗೆ 8 ವರ್ಷ, ಹೊರಗಿನಿಂದ ಬರುವವನಿಗೆ 7 ವರ್ಷ ಎಂದು ಕರಾರಿನ ಅವಧಿಗೆ ಮಿತಿ ಹಾಕಿದ್ದು ಇಂಥ ಲೆಕ್ಕಾಚಾರಗಳನ್ನು ತಡೆಯಲೆಂದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. 2015ರಲ್ಲಿ ಎಡ್ಮಂಟನ್ ಆಯ್ಲರ್ಸ್ ತಂಡವನ್ನು ಸೇರಿದ ಕಾನರ್ ಮೆಕ್‌ಡೇವಿಡ್ ಅವರಿಗೆ, ಹೊಸಬರಿಗೆಂದು ಲೀಗು ಗೊತ್ತುಪಡಿಸಿದ ಮಿತಿಯಂತೆ, ಬೋನಸ್‌ಗಳನ್ನು ಬಿಟ್ಟರೆ ವರ್ಷಕ್ಕೆ 9,25,000 ಡಾಲರಿಗಿಂತ ಹೆಚ್ಚು ದೊರೆಯುವಂತಿರಲಿಲ್ಲ. 2016-17ರಲ್ಲಿ ಅವರು 30 ಗೋಲು ಹೊಡೆದು, 70 ಗೋಲುಗಳಿಗೆ ನೆರವಾಗಿ, 100 ಅಂಕಗಳಿಂದ ಲೀಗಿನಲ್ಲೇ ಮೊದಲಿಗರಾದರು. ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಪಾರಿತೋಷಕವನ್ನೂ ಪಡೆದರು. 2018-19ರಿಂದ ಅವರ ಕರಾರು ವರ್ಷಕ್ಕೆ ಸರಾಸರಿ 1 ಕೋಟಿ 25 ಲಕ್ಷ ಡಾಲರಿಗೆ ಏರಿತು. ಹಿಂದಿನ ವರ್ಷಗಳ ಕೊರತೆಯನ್ನು ತಂಡ ತುಂಬಿಕೊಡಬೇಕೆಂದು ಯಾರೂ ಕೇಳಲಿಲ್ಲ. ಕರಾರು ಎಂದರೆ ಕರಾರು ಎಂದರು. ಆಟಗಾರ ಹೆಚ್ಚು ಕೊಟ್ಟಾಗ ಅದು ತಂಡದ ಜಾಣತನ, ಕಡಿಮೆ ಕೊಟ್ಟಾಗ ಆಟಗಾರನ ಅಪರಾಧ! ಕೊಳ್ಳುವಾಗ ದೊಡ್ಡ ಸೇರು, ಕೊಡುವಾಗ ಸಣ್ಣ ಸೇರು ಹಿಡಿಯುವ ಅಂಗಡಿಗೂ ಈ ತೀರ್ಪಿಗೂ ವ್ಯತ್ಯಾಸವೇನು?

ಅಭಿಮಾನಿಯ ನೋವೂ ಸುಳ್ಳಲ್ಲ. ಟಿಕೆಟ್ಟಿನ ಹಣ ಅವನದು. ವೇತನದ ಮಿತಿಯೊಳಗೆ ಒಬ್ಬನಿಗೆ ಹೋದ ಡಾಲರು ಇನ್ನೊಬ್ಬನಿಗೆ ಸಿಗದೆಂಬುದೂ ನಿಜ. ಆದುದರಿಂದ ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ವ್ಯವಹಾರ ನಷ್ಟವಾಯಿತು ಎಂಬ ಮಾತು ಬೇರೆ, ಆ ವ್ಯಕ್ತಿ ಅನ್ಯಾಯವಾಗಿ ತಿಂದ ಎಂಬ ಮಾತು ಬೇರೆ. ಮೊದಲನೆಯದಕ್ಕೆ ಅಂಕಿ ಅಂಶ ಸಾಕು. ಎರಡನೆಯದನ್ನು ಹೇಳುವ ಮುನ್ನ ಅವನ ಪ್ರಾಮಾಣಿಕತೆಯನ್ನು ಅರಿಯಬೇಕು.

ಸಂಸ್ಥೆಗಳನ್ನು ನಡೆಸುವವರಿಗೆ, ನೌಕರರನ್ನು ಇರಿಸಿಕೊಂಡವರಿಗೆ ಈ ಪ್ರಶ್ನೆ ದೂರದ್ದಲ್ಲ. ಕಾಯಿಲೆ ಬಿದ್ದ ಗುಮಾಸ್ತನ ಹಾಜರಿ ಪುಸ್ತಕ ನೋಡುವಾಗ, ಅವನು ಆರೋಗ್ಯದಿಂದಿದ್ದಾಗ ಸಂಬಳಕ್ಕೆ ಮೀರಿ ದುಡಿದ ದಿನಗಳನ್ನೂ ಅದೇ ಪುಟದಲ್ಲಿ ಜಮೆ ಮಾಡಬೇಕು. ಆ ಮೇಲೆ ಬಾಕಿ ಯಾರ ಕಡೆ ನಿಲ್ಲುವುದೋ ನೋಡಬಹುದು.