ಹೊಳಪಿನ ಕೆಳಗಿನ ತುಕ್ಕು

☸️ *ದಿನದ ಧಮ್ಮ ಚಿಂತನೆ* ☸️





ಧಮ್ಮಪದದ 18ನೇ ಅಧ್ಯಾಯದ ಹೆಸರು ಮಲವಗ್ಗ. ಮಲ ಎಂದರೆ ಕೊಳೆ, ಕಲ್ಮಶ. ಮನಸ್ಸಿನ ಕೊಳೆಯ ಬಗ್ಗೆ ಹೇಳಲು ಭಗವಾನ್ ಬುದ್ಧರು ಅಲ್ಲಿ ದುಡಿಯುವವರ ಕೈಗೆ ಗೊತ್ತಿರುವ ಎರಡು ಸಂಗತಿಗಳನ್ನು ಎತ್ತಿಕೊಳ್ಳುತ್ತಾರೆ. ಒಂದು, ಬೆಳ್ಳಿಯ ಕೊಳೆಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುವ ಅಕ್ಕಸಾಲಿ. ಇನ್ನೊಂದು, ಕಬ್ಬಿಣದಲ್ಲಿ ಹುಟ್ಟಿ ಆ ಕಬ್ಬಿಣವನ್ನೇ ತಿನ್ನುವ ತುಕ್ಕು. ಈ ಎರಡೂ ಹೋಲಿಕೆಗಳು ನನ್ನ ತಲೆಗೆ ಚೆನ್ನಾಗಿ ಹೊಕ್ಕಿದ್ದು ಒಂದು ಹಳೇ ಜೀಪಿನ ಚಕ್ರ ಉಜ್ಜುವಾಗ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. (ಇದರಲ್ಲಿ ಬರುವ ನನ್ನ ಭಾವನವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಭಾವನವರ ಊರು ಮೂಡಿಗೆರೆ ಕಡೆ. ಅವರ ಬಳಿ ಸೆಕೆಂಡ್ ಹ್ಯಾಂಡ್ ಜೀಪು ಇದೆ, ನಾಲ್ಕು ಚಕ್ರಕ್ಕೂ ಕ್ರೋಮ್ ರಿಮ್. ಮಲೆನಾಡಿನ ಮಳೆ, ಕೆಸರು ತಿಂದು ತಿಂದು ರಿಮ್ ತುಂಬ ಕಂದು ಚುಕ್ಕೆ, ಸಿಡುಬಿನ ಕಲೆಯಂಥ ಗುಳಿ. ಮನೆಯಲ್ಲಿ ಅಕ್ಕನ ಮಗಳ ಮದುವೆ ಮಾತು ನಡೆದಿತ್ತು. "ಬರೋರು ಹೋಗೋರು ನೋಡ್ತಾರೆ, ಮೇಲೆ ಸಿಲ್ವರ್ ಪೇಂಟ್ ಹೊಡೆದುಬಿಡೋಣ" ಎಂದರು ಭಾವ. "ಬೇಡ ಭಾವ, ಒಂದು ಭಾನುವಾರ ಕೂತು ಉಜ್ಜೋಣ" ಎಂದೆ. ನಾನು, ಭಾವ, ಅಕ್ಕನ ಮಗಳು, ಮೂವರೂ ಅಂಗಳದಲ್ಲಿ ಕೂತೆವು.

*ತುಕ್ಕು ಎಲ್ಲಿಂದ ಬರುತ್ತದೆ?*

ಕ್ರೋಮ್ ರಿಮ್ ಎಂದರೆ ಒಳಗಿರುವುದು ಉಕ್ಕು. ಅದರ ಮೇಲೆ ನಿಕ್ಕಲ್ ಪದರ. ಎಲ್ಲಕ್ಕಿಂತ ಮೇಲೆ ಕ್ರೋಮಿಯಂ ಲೇಪ, ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ತೆಳು. ನಾವು ನೋಡಿ ಮೆಚ್ಚುವ ಹೊಳಪು ಅಷ್ಟೇ ದಪ್ಪ! ಆ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕು, ರಂಧ್ರಗಳಿರುತ್ತವೆ. ಕೆಳಗಿನ ನಿಕ್ಕಲ್ ಕೂಡ ಸವೆದರೆ, ಅಥವಾ ಕಲ್ಲು ಬಡಿದು ಕಿತ್ತರೆ, ನೀರು ಉಕ್ಕನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅದು ಒಳಗೇ ಉಬ್ಬಿ ಮೇಲಿನ ಹೊಳಪನ್ನು ಎಬ್ಬಿಸುತ್ತದೆ. ಅದರ ಮೇಲೆ ಪೇಂಟ್ ಹೊಡೆದರೆ ಕಣ್ಣಿಗೆ ಮರೆಯಾಗುತ್ತದೆ, ಕೆಳಗೆ ತಿನ್ನುವುದು ನಿಲ್ಲುವುದಿಲ್ಲ. ಮುಂದಿನ ಮಳೆಗಾಲಕ್ಕೆ ಪೇಂಟೇ ಗುಳ್ಳೆ ಏಳುತ್ತದೆ.

*ಉಜ್ಜುವ ಕ್ರಮ*

ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ವ್ಯಾಯಾಮ ಒಂದು ಅಂಗ. ಅದಕ್ಕೆ ನಾಲ್ಕು ಕೆಲಸ: ಇರುವ ಕೆಟ್ಟದ್ದನ್ನು ಬಿಡುವುದು, ಬಾರದ ಕೆಟ್ಟದ್ದನ್ನು ತಡೆಯುವುದು, ಇಲ್ಲದ ಒಳ್ಳೆಯದನ್ನು ಬೆಳೆಸುವುದು, ಬೆಳೆದದ್ದನ್ನು ಕಾಪಾಡುವುದು. ಚಕ್ರದ ಕೆಲಸವೂ ಇವೇ ನಾಲ್ಕು.

1️⃣ *ಬಿಡಿಸುವುದು.* ಗಾಡಿ ಓಡಿಸಿ ಬಂದ ತಕ್ಷಣ ಬೇಡ, ಚಕ್ರ ತಣ್ಣಗಾಗಲಿ. ನೆರಳಿನಲ್ಲಿ ನಿಲ್ಲಿಸಿ ಕಾರ್ ಶಾಂಪೂ, ನೀರು, ಮೆತ್ತನೆಯ ಬ್ರಷ್‌ನಿಂದ ಕೆಸರು, ಬ್ರೇಕ್ ಧೂಳು ಪೂರ್ತಿ ತೊಳೆಯಬೇಕು. ಮರಳಿನ ಕಣ ಉಳಿದರೆ ಆಮೇಲೆ ಉಜ್ಜುವಾಗ ಅದೇ ಗೀರುತ್ತದೆ. ನಂತರ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಹಾಗಾಗಿ ಕ್ರೋಮನ್ನು ಗೀರುವುದಿಲ್ಲ, ತುಕ್ಕನ್ನು ಎಬ್ಬಿಸುತ್ತದೆ. ಗುಳಿಯೊಳಗಿನದಕ್ಕೆ ಹಲ್ಲುಕಡ್ಡಿ ಸಾಕು. ಎದ್ದಿರುವ ಕ್ರೋಮಿನ ಚಕ್ಕೆ ಬ್ಲೇಡಿನ ಹಾಗೆ ಕೊಯ್ಯುತ್ತದೆ, ಕೈಗವಸು ಹಾಕಿಕೊಳ್ಳಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಮಾತ್ರ ಬೇಡವೇ ಬೇಡ. ಅದು ತುಕ್ಕಿನ ಜೊತೆ ನಿಕ್ಕಲ್ಲನ್ನೂ ಉಕ್ಕನ್ನೂ ತಿನ್ನುತ್ತದೆ. ಮರಳು ಕಾಗದವೂ ಬೇಡ.

2️⃣ *ತಡೆಯುವುದು.* ಮತ್ತೆ ತೊಳೆದು, ಗುಳಿಗಳಲ್ಲಿ ತೇವ ಉಳಿಯದಂತೆ ಬಟ್ಟೆಯಲ್ಲಿ ಒತ್ತಿ ಒರೆಸಿ ಗಾಳಿಗೆ ಬಿಡಬೇಕು. ಉಳಿದ ಒಂದು ಹನಿ ನೀರು ಸಾಕು, ತುಕ್ಕು ಮತ್ತೆ ಶುರುವಾಗಲು.

3️⃣ *ಬೆಳೆಸುವುದು.* ಹಳೇ ಬನಿಯನ್ ಬಟ್ಟೆಗೆ ಕ್ರೋಮ್ ಪಾಲಿಶ್ ಹಚ್ಚಿ ಒಂದೊಂದೇ ಅಂಗೈ ಅಗಲ ಉಜ್ಜುತ್ತಾ ಹೋದರೆ ಹೊಳಪು ಮೇಲೆ ಬರುತ್ತದೆ.

4️⃣ *ಕಾಪಾಡುವುದು.* ಕೊನೆಗೆ ತೆಳ್ಳಗೆ ವ್ಯಾಕ್ಸ್. ಬ್ರೇಕಿನ ಭಾಗಗಳಿಗೆ ಪಾಲಿಶ್, ವ್ಯಾಕ್ಸ್ ತಾಗಬಾರದು. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತೊಳೆದು ಮತ್ತೆ ಹಚ್ಚಬೇಕು. ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ.

ಇಷ್ಟೆಲ್ಲ ಮಾಡಿದರೂ ಗುಳಿ ತುಂಬುವುದಿಲ್ಲ. ಹೋದ ಕ್ರೋಮ್ ಉಜ್ಜಿದರೆ ಬಾರದು. ತಿನ್ನುವುದು ನಿಲ್ಲುತ್ತದೆ, ಉಳಿದದ್ದು ಉಳಿಯುತ್ತದೆ, ಅಷ್ಟೇ. ರಿಮ್ಮಿನ ಅಂಚೇ ತಿಂದು ಗಾಳಿ ಇಳಿಯುತ್ತಿದ್ದರೆ, ಬಿರುಕು ಕಂಡರೆ, ಉಜ್ಜುತ್ತಾ ಕೂರದೆ ರಿಮ್ಮನ್ನೇ ಬದಲಿಸಬೇಕು. ಪೂರ್ತಿ ಹೊಸದಾಗಿ ಕ್ರೋಮ್ ಹಾಕಿಸಬಹುದು, ಆದರೆ ಆ ಹೊಳಪಿಗೂ ಒಂದು ಬೆಲೆ ಇದೆ. ಪ್ಲೇಟಿಂಗಿಗೆ ಬಹಳ ಕಡೆ ಇಂದಿಗೂ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲೂ ಅದು ಸೇರಿರುವುದು ಕಂಡುಬಂದಿದೆ. ತೊಟ್ಟಿಯ ಮುಂದೆ ನಿಂತು ದುಡಿಯುವ ಕೈಗಳು ಯಾರವು ಎಂದು ಯೋಚಿಸುವುದೂ ಧಮ್ಮವೇ.

*ಅಂಗಳದಲ್ಲಿ ಬಂದ ಮಾತು*

ಮೂರನೇ ಚಕ್ರಕ್ಕೆ ಬಂದಾಗ ಭಾವ ಮೆಲ್ಲಗೆ ಬಾಯಿ ಬಿಟ್ಟರು. "ಹುಡುಗ ಒಳ್ಳೆಯವನು ಕಣಯ್ಯ. ಓದಿದಾನೆ, ಕೆಲಸ ಇದೆ. ಮನೆಯವರೂ ದೀಕ್ಷೆ ತಗೊಂಡವರೇ. ಆದ್ರೆ..."

"ಆದ್ರೆ ಏನು ಭಾವ?"

"ಅವರು ಆ ಕಡೆಯವರು. ನಮ್ಮವರೇ, ಆದ್ರೆ ನಮ್ಮವರಲ್ಲ."

ಎಡಗೈ ಬಲಗೈ ಎಂಬ ಮಾತನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಫಾಯಿಲ್ ಹಿಡಿದು ಕೂತಿದ್ದ ಹುಡುಗಿ ತಲೆ ಎತ್ತದೆ ಹೇಳಿದಳು: "ಅಪ್ಪ, ದೀಕ್ಷೆ ತಗೊಂಡಾಗ ನಂಗೆ ಎಂಟು ವರ್ಷ. ಇವತ್ತಿಂದ ನಮಗೆ ಜಾತಿ ಇಲ್ಲ ಮಗಳೇ ಅಂತ ನೀವೇ ಹೇಳಿದ್ರಿ. ಒಳಜಾತಿ ಇಟ್ಕೊಂಡಿದೀವಿ ಅಂತ ಹೇಳಿರಲಿಲ್ಲ."

ಭಾವ ಕೆಟ್ಟವರಲ್ಲ. ಏಪ್ರಿಲ್ 14ರ ಜಯಂತಿಗೆ ಊರಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುವವರು. ತ್ರಿಶರಣ, ಪಂಚಶೀಲ ಬಾಯಿಪಾಠ. ಅವತ್ತು ಅವರ ಬಳಿ ಉತ್ತರ ಇರಲಿಲ್ಲ. ಸುಮ್ಮನೆ ಉಜ್ಜುತ್ತಾ ಕೂತರು.

ಬಂಧುಗಳೇ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಒಂದು, ಸಮಾನತೆ ತರಲು ಶ್ರಮಿಸುವುದು ಇನ್ನೊಂದು. ನಂಬುವುದಕ್ಕೆ ಒಂದು ದಿನ ಸಾಕು. ಶ್ರಮಿಸುವುದು ದಿನದಿನದ ಕೆಲಸ, ಆ ಅಕ್ಕಸಾಲಿಯ ಹಾಗೆ. ದೀಕ್ಷೆಯ ಹೆಸರು, ಗೋಡೆಯ ಮೇಲಿನ ಫೋಟೋ, ಬಿಳಿ ಬಟ್ಟೆ ಎಲ್ಲವೂ ಹೊಳೆಯಲಿ. ಆದರೆ ಸಂಬಂಧ ಕೇಳುವಾಗ, ಊಟಕ್ಕೆ ಕೂರುವಾಗ, ಬಾಡಿಗೆಗೆ ಮನೆ ಕೊಡುವಾಗ ಕೆಳಗಿನ ತುಕ್ಕು ಮೇಲೆ ಬರುತ್ತದೆ. ಆಗ ಅದಕ್ಕೆ ಪೇಂಟ್ ಹೊಡೆಯಬಾರದು. "ನಮಗೇನಿಲ್ಲಪ್ಪ, ನೆಂಟರು ಏನಂತಾರೋ" ಅನ್ನುತ್ತೇವಲ್ಲ, ಅದೇ ನಮ್ಮ ಸಿಲ್ವರ್ ಪೇಂಟ್.

*ಒಂದು ಎಚ್ಚರ*

ತುಕ್ಕು ಕಬ್ಬಿಣದಲ್ಲೇ ಹುಟ್ಟುತ್ತದೆ ಎಂಬ ಮಾತನ್ನು ಹಿಡಿದು, "ನೋಡಿ, ನಿಮ್ಮ ಕಷ್ಟಕ್ಕೆ ನಿಮ್ಮ ಹಿಂದಿನ ಜನ್ಮದ ಕರ್ಮವೇ ಕಾರಣ" ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಹಿಂದಿನ ಜನ್ಮದ ಕರ್ಮದ ವಾದ ಬಡವರ, ಕೆಳಗೆ ತುಳಿಯಲ್ಪಟ್ಟವರ ಸ್ಥಿತಿಗೆ ಸಮಾಜ ಹೊಣೆಯಲ್ಲ ಎಂದು ಕೈತೊಳೆದುಕೊಳ್ಳಲು ನೆರವಾಗುತ್ತದೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸ್ಪಷ್ಟಪಡಿಸಿದ್ದಾರೆ. ಚಕ್ರವನ್ನೇ ನೋಡಿ. ಕಬ್ಬಿಣ ಒಂದರಿಂದಲೇ ತುಕ್ಕು ಆಗುವುದಿಲ್ಲ. ನೀರು ಬೇಕು, ಗಾಳಿ ಬೇಕು. ಉಪ್ಪು ಸೇರಿದರೆ ಇನ್ನೂ ಬೇಗ. ಕಾರಣಗಳು ಕೂಡಿದಾಗ ಆಗುತ್ತದೆ, ಕಾರಣ ತೆಗೆದರೆ ನಿಲ್ಲುತ್ತದೆ. ಪ್ರತೀತ್ಯ ಸಮುತ್ಪಾದ ಇದೇ. ಜಾತಿ ನಮ್ಮ ಹಿರಿಯರ ಪಾಪದಿಂದ ಬಂದದ್ದಲ್ಲ, ಅವರನ್ನು ಶತಮಾನಗಟ್ಟಲೆ ಅದರಲ್ಲಿ ಅದ್ದಿಟ್ಟವರು ಬೇರೆಯವರು. ಆ ಹೊಣೆಯನ್ನು ನಾವು ಹೊರುವುದಿಲ್ಲ. ಆದರೆ ಆ ನೀರು ನಮ್ಮೊಳಗೆ ಇಳಿದು ಇವತ್ತಿಗೂ ತಿನ್ನುತ್ತಿದ್ದರೆ, ಅದನ್ನು ಉಜ್ಜಬೇಕಾದ ಕೈ ನಮ್ಮದೇ. ಬೇರೆ ಯಾರೂ ಬಂದು ಉಜ್ಜಿಕೊಡುವುದಿಲ್ಲ.

ಗುಳಿ ಉಳಿಯುತ್ತದೆ ಎಂದೆನಲ್ಲ, ಅದಕ್ಕೆ ನಾಚಬೇಕಾಗಿಲ್ಲ. ನಮ್ಮ ಜನ ಪಟ್ಟ ಪಾಡಿನ ಗುರುತು ಅದು. ಗುಳಿ ಮುಚ್ಚಿಡುವುದು ಬೇಡ, ಹೊಸ ಗುಳಿ ಬೀಳದಂತೆ ನೋಡಿಕೊಂಡರೆ ಸಾಕು.

ಮುಂದಿನ ಭಾನುವಾರ ಭಾವ ಅದೇ ಜೀಪಿನಲ್ಲಿ ಹುಡುಗನ ಮನೆಗೆ ಹೋಗಿ ಊಟ ಮಾಡಿ ಬಂದರು. ಮಾತುಕತೆ ಇನ್ನೂ ನಡೆದಿದೆ.

*ಇಂದಿನ ಅಭ್ಯಾಸ* 🪷

▪️ ಹೊಸಬರ ಪರಿಚಯವಾದಾಗ ಊರು, ಅಡ್ಡಹೆಸರು ಕೇಳಿ ಮನಸ್ಸಿನೊಳಗೇ "ಯಾವ ಕಡೆಯವರು" ಎಂದು ಲೆಕ್ಕ ಹಾಕುತ್ತೇವೆಯೇ? ಇವತ್ತು ಒಂದು ದಿನ ಗಮನಿಸಿ.

▪️ ನಮ್ಮದಲ್ಲದ ಒಳಜಾತಿಯ ಉಪಾಸಕರ ಮನೆಯಲ್ಲಿ ಕಡೆಯ ಸಲ ಊಟ ಮಾಡಿದ್ದು ಯಾವಾಗ? ಅವರು ನಮ್ಮ ಮನೆಯಲ್ಲಿ?

▪️ ರಾತ್ರಿ ಮಲಗುವ ಮುನ್ನ ಮಕ್ಕಳನ್ನು ಕೂರಿಸಿಕೊಂಡು ಸಮಾನತೆಯ ಆ ಎರಡು ಪ್ರತಿಜ್ಞೆಗಳನ್ನು ಓದಿ. ಅವರು ಪ್ರಶ್ನೆ ಕೇಳಿದರೆ ತಡೆಯಬೇಡಿ.

ಭವತು ಸಬ್ಬ ಮಂಗಲಂ
ಸಾಧು! ಸಾಧು! ಸಾಧು! 🙏

_ಓದಿ, ಮನೆಯವರಿಗೂ ಓದಿ ಹೇಳಿ, ಹಂಚಿ._