ಆಮೆಯ ಸ್ಮರಣೆ: ದೂರಬೋಧನೆ ಮತ್ತು ಗುರುಸನ್ನಿಧಿಯ ಪ್ರಶ್ನೆ

ಕಲಿಸುವವರೂ ಕಲಿಯುವವರೂ ಒಂದೇ ಸೂರಿನಡಿ ಇಲ್ಲದಿರುವಾಗ ನಡೆಯುವ ಪಾಠವನ್ನು ವಿದ್ಯೆಯೆಂದು ಕರೆಯಬಹುದೇ, ಇಲ್ಲವೇ ಅದು ಬರಿಯ ಮಾಹಿತಿಯ ಸಾಗಾಟವೇ ಎಂಬ ಪ್ರಶ್ನೆ ಭಾರತೀಯ ಚಿಂತನೆಗೆ ಹೊಸದೇನಲ್ಲ. ಆದರೆ 2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕಿನಿಂದಾಗಿ ಶಾಲೆಗಳ ಬಾಗಿಲು ಹಾಕಿದ ಮೇಲೆ, ಅಲ್ಲಿಯವರೆಗೆ ಮಠಗಳ ಮತ್ತು ಭಾಷ್ಯಕಾರರ ಪಾಲಿಗೆ ಬಿಟ್ಟಿದ್ದ ಈ ಪ್ರಶ್ನೆ ಸಾಧಾರಣ ಹೈಸ್ಕೂಲು ಮೇಷ್ಟರ ಹೆಗಲಿಗೆ ಬಂದು ಕುಳಿತಿತು. ಕೊಯಮತ್ತೂರಿನ ದಕ್ಷಿಣಕ್ಕೆ, ಪಾಲಕ್ಕಾಡಿನತ್ತ ಸಾಗುವ ಹೆದ್ದಾರಿಯ ಮೇಲಿರುವ ಮದುಕ್ಕರೈ ಈ ಪ್ರಶ್ನೆಯನ್ನು ಇಟ್ಟು ನೋಡಲು ತಕ್ಕ ಸ್ಥಳ. ಸುಣ್ಣಕಲ್ಲಿನ ಗಣಿಗಳೂ 1930ರ ದಶಕದಿಂದ ನಡೆದುಬಂದ ಸಿಮೆಂಟು ಕಾರ್ಖಾನೆಯೂ ಇರುವ ಈ ಊರಿನಲ್ಲಿ ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿ, ರಾತ್ರಿ ಅವನೊಡನೆಯೇ ಮರಳುವ ಸಂಸಾರಗಳು ಕಡಿಮೆಯಲ್ಲ. ಅಲ್ಲಿಂದ ಕೆಲವೇ ಮೈಲಿ ದೂರದ ಪೇರೂರಿನಲ್ಲಿ ಗುರುಶಿಷ್ಯ ಸಂಬಂಧವನ್ನೇ ತತ್ತ್ವದ ನಡುಗಂಬವಾಗಿಸಿಕೊಂಡ ವೀರಶೈವ ಪರಂಪರೆಯೊಂದು ಸುಮಾರು 17ನೆಯ ಶತಮಾನದಿಂದ ಬೇರುಬಿಟ್ಟಿದೆ.

ಮೊದಲು ವ್ಯವಸ್ಥೆಯ ಸ್ವರೂಪ ತಿಳಿಯಬೇಕು. ತಮಿಳುನಾಡು ಸರಕಾರ 2019ರ ಆಗಸ್ಟ್‌ನಲ್ಲಿಯೇ ‘ಕಲ್ವಿ’ ಎಂಬ ಶಿಕ್ಷಣ ವಾಹಿನಿಯನ್ನು ಆರಂಭಿಸಿತ್ತು. ಮರುವರ್ಷದ ಜುಲೈಯಲ್ಲಿ ಅದು ತರಗತಿವಾರು ಪಾಠಗಳ ಮುಖ್ಯ ದಾರಿಯಾಯಿತು. ಹನ್ನೆರಡನೆಯ ತರಗತಿಯವರಿಗೆ ಇನ್ನೊಂದು ಏರ್ಪಾಡು ನಡೆಯಿತು: ಸರಕಾರ ಉಚಿತವಾಗಿ ಕೊಟ್ಟಿದ್ದ ಲ್ಯಾಪ್‌ಟಾಪನ್ನು ಶಾಲೆಗೆ ತಂದು, ಅಲ್ಲಿನ ಹೈಟೆಕ್ ಲ್ಯಾಬಿನ ಸರ್ವರಿನಿಂದ ವಿಡಿಯೊ ಪಾಠಗಳನ್ನು ತುಂಬಿಸಿಕೊಂಡು ಹೋಗುವುದು, ಬಾವಿಗೆ ಕೊಡ ಹೊತ್ತುಕೊಂಡು ಬಂದಂತೆ ಮಕ್ಕಳು ಯಂತ್ರವನ್ನು ಹೊತ್ತು ಬಂದರು. ಪಠ್ಯಪುಸ್ತಕದ ಅಂಚಿನಲ್ಲಿದ್ದ ಕ್ಯೂಆರ್ ಕೋಡು ಮೂರನೆಯ ದಾರಿ. ಇವೆಲ್ಲವುಗಳ ಕೆಳಗೆ, ಯಾವ ಸುತ್ತೋಲೆಗೂ ಪೂರ್ತಿ ಸಿಗದ ನಾಲ್ಕನೆಯ ದಾರಿಯಾಗಿ ವಾಟ್ಸ್ಆ್ಯಪ್ ಗುಂಪು ಇತ್ತು. ಸಂಜೆ ಏಳರ ಮೇಲೆ, ಫೋನು ಮನೆಗೆ ಬಂದ ಬಳಿಕ, ನೋಟುಪುಸ್ತಕದ ಹಾಳೆಯ ಫೋಟೊಗಳು ಒಂದೊಂದಾಗಿ ಬಂದು ಬೀಳುತ್ತಿದ್ದವು. ಹೆಬ್ಬೆರಳಿನ ನೆರಳು ಅರ್ಧ ಲೆಕ್ಕವನ್ನು ಮುಚ್ಚಿರುತ್ತಿತ್ತು. ಮೇಷ್ಟರೂ ಸೇರಿ ಗುಂಪಿನವರೆಲ್ಲ ತೆರೆದು ನೋಡಿದ ಮೇಲೆ ಕೆಳಗಿನ ಎರಡು ಗೆರೆ ನೀಲಿಯಾಗುತ್ತಿದ್ದವು. ಆ ನೀಲಿ ಗುರುತು ‘ನೋಡಿದ್ದಾಯಿತು’ ಎಂದು ಹೇಳುತ್ತದೆಯೇ ಹೊರತು ‘ತಿದ್ದಿದ್ದಾಯಿತು’ ಎಂದು ಹೇಳುವುದಿಲ್ಲ. ದಾರ್ಶನಿಕ ಪ್ರಶ್ನೆ ಹುಟ್ಟುವುದು ಈ ಅಂತರದಲ್ಲಿಯೇ.

ಶಬ್ದವು ಪ್ರಮಾಣ, ಅಂದರೆ ಸರಿಯಾದ ಜ್ಞಾನಕ್ಕೆ ಸಾಧನ, ಎಂಬುದನ್ನು ನೈಯಾಯಿಕರೂ ಮೀಮಾಂಸಕರೂ ಒಪ್ಪುತ್ತಾರೆ. ಆದರೆ ಆ ಪ್ರಾಮಾಣ್ಯ ಎಲ್ಲಿಂದ ಬರುತ್ತದೆ ಎಂಬಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ನ್ಯಾಯದರ್ಶನದ ಪ್ರಕಾರ ಮಾತಿಗೆ ಬಲ ಬರುವುದು ಆಪ್ತನಿಂದ, ಎಂದರೆ ವಿಷಯವನ್ನು ಬಲ್ಲ, ಬಲ್ಲಂತೆಯೇ ಹೇಳಬಯಸುವ ನಂಬಿಗಸ್ತನಿಂದ. ಅಂಥವನು ಋಷಿಯೇ ಆಗಬೇಕಿಲ್ಲ, ಮ್ಲೇಚ್ಛನೂ ಆಗಬಹುದೆಂದು ಭಾಷ್ಯಕಾರ ವಾತ್ಸ್ಯಾಯನ ಒಪ್ಪುತ್ತಾನೆ. ಮೀಮಾಂಸಕರಾದರೋ ವೇದಕ್ಕೆ ಕರ್ತೃವೇ ಇಲ್ಲವೆಂದು, ಹೇಳಿದವನೇ ಇಲ್ಲವಾದ್ದರಿಂದ ಹೇಳಿದವನ ದೋಷವೂ ಅಂಟುವುದಿಲ್ಲವೆಂದು ವಾದಿಸಿದರು. ಮೇಲ್ನೋಟಕ್ಕೆ, ಎಲ್ಲರಿಗೂ ಒಂದೇ ಸಮನಾಗಿ ಬಿತ್ತರವಾಗುವ ಮುದ್ರಿತ ಪಾಠಕ್ಕೆ ಮೀಮಾಂಸೆಗಿಂತ ಒಳ್ಳೆಯ ಸಮರ್ಥನೆ ಸಿಗಲಾರದು ಎನಿಸುತ್ತದೆ: ಇಲ್ಲಿ ಮೇಷ್ಟರ ಮುನಿಸಿಲ್ಲ, ಪಕ್ಷಪಾತವಿಲ್ಲ, ಮುಂದಿನ ಬೆಂಚು ಹಿಂದಿನ ಬೆಂಚು ಎಂಬ ಭೇದವಿಲ್ಲ. ಆದರೆ ಕರ್ತೃವಿಲ್ಲದ ಆ ವೇದವನ್ನು ಕಲಿಯುವುದು ಮಾತ್ರ ಗುರುಮುಖದಿಂದಲೇ ಆಗಬೇಕೆಂದು, ಗುರು ಉಚ್ಚರಿಸಿದ ಮೇಲೆ ಶಿಷ್ಯ ಉಚ್ಚರಿಸಬೇಕೆಂದು ಅದೇ ಮೀಮಾಂಸಕರು ಹಟ ಹಿಡಿದರು. ಪಾಣಿನೀಯ ಶಿಕ್ಷೆ ಎಂಬ ಉಚ್ಚಾರಣಶಾಸ್ತ್ರದ ಗ್ರಂಥ ಬರೆದದ್ದನ್ನು ನೋಡಿ ಓದುವವನನ್ನು ಆರು ಬಗೆಯ ಅಧಮ ಪಾಠಕರಲ್ಲಿ ಒಬ್ಬನೆಂದು ಎಣಿಸಿತು. ಕಾರಣ ಗಹನವಾದುದಲ್ಲ: ಶಿಷ್ಯನ ಸ್ವರ ತಪ್ಪಿದರೆ ತಾಳೆಗರಿಗೆ ಕೇಳಿಸುವುದಿಲ್ಲ.

ಗ್ರೀಸಿನ ಪ್ಲೇಟೊ ತನ್ನ ‘ಫೀಡ್ರಸ್’ ಎಂಬ ಸಂವಾದದಲ್ಲಿ ಸಾಕ್ರೆಟಿಸನ ಬಾಯಿಂದ ಬರವಣಿಗೆಯ ಮೇಲೆ ಹೊರಿಸಿದ ದೂರು ಇದಕ್ಕೆ ಹತ್ತಿರವೆನಿಸಿದರೂ ಒಂದೇ ಅಲ್ಲ. ಬರೆದ ಮಾತು ಪ್ರಶ್ನೆ ಕೇಳಿದರೆ ಉತ್ತರಿಸದು ಎಂಬುದು ಸಾಕ್ರೆಟಿಸನ ಆಕ್ಷೇಪ; ಅದು ಚುರುಕಾದ, ಪ್ರಶ್ನೆ ಕೇಳಬಲ್ಲ ಶಿಷ್ಯನನ್ನು ಎದುರಿಟ್ಟುಕೊಂಡು ಆಡಿದ ಮಾತು. ಶಿಕ್ಷಾಗ್ರಂಥದ ಆಕ್ಷೇಪವಾದರೋ ತಾನು ತಪ್ಪಿದ್ದೇನೆಂದೇ ಅರಿಯದ, ಆದ್ದರಿಂದ ಕೇಳುವುದಕ್ಕೂ ತೋಚದ ಶಿಷ್ಯನ ಪರವಾಗಿದೆ. ಒಂಬತ್ತನೆಯ ತರಗತಿಯಲ್ಲಿ ಪಾಠ ಹೇಳಿದ ಯಾರಿಗಾದರೂ ಈ ಎರಡನೆಯ ಆಕ್ಷೇಪವೇ ಹೆಚ್ಚು ನಾಟುತ್ತದೆ. ಕೈಯೆತ್ತಿ ಕೇಳುವ ಮಗು ಟಿವಿಯ ಮುಂದೆಯೂ ಹೇಗೋ ದಾರಿ ಕಂಡುಕೊಳ್ಳುತ್ತದೆ.

ಈ ಹಂತದಲ್ಲಿ ಏಕಲವ್ಯನ ಹೆಸರು ಬಂದೇ ಬರುತ್ತದೆ. ದೂರಶಿಕ್ಷಣದ ಪ್ರತಿಪಾದಕರಿಗೆ ಅವನು ಬಹಳ ಪ್ರಿಯ; 2003ರ ಜನವರಿಯಲ್ಲಿ ಆರಂಭವಾದ ತಾಂತ್ರಿಕ ಶಿಕ್ಷಣದ ದೂರದರ್ಶನ ವಾಹಿನಿಗೆ ಅವನ ಹೆಸರನ್ನೇ ಇಡಲಾಯಿತು. ಮಣ್ಣಿನ ಮೂರ್ತಿಯ ಮುಂದೆ ನಿಂತು ಬಿಲ್ವಿದ್ಯೆ ಕಲಿತ ಹುಡುಗ ಸ್ವಸಾಧನೆಯ ಮಾದರಿಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೆಸರಿಟ್ಟವರು ಕಥೆಯ ಉತ್ತರಾರ್ಧವನ್ನು ಮರೆತಂತಿದೆ: ಏಕಲವ್ಯನ ಮನಸ್ಸಿನಲ್ಲಿ ದ್ರೋಣನಿದ್ದ, ದ್ರೋಣನ ಮನಸ್ಸಿನಲ್ಲಿ ಏಕಲವ್ಯನಿರಲಿಲ್ಲ, ಅವನು ನೆನಪಿಗೆ ಬಂದದ್ದು ಹೆಬ್ಬೆರಳು ಕೇಳುವ ಹೊತ್ತಿಗೆ ಮಾತ್ರ. ವರ್ಷವಿಡೀ ವಿಚಾರಿಸದೆ ಪರೀಕ್ಷೆಯ ದಿನ ಮಾತ್ರ ಲೆಕ್ಕ ಕೇಳುವ ವ್ಯವಸ್ಥೆಗೆ ಈ ಹೆಸರು ಇಟ್ಟವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಒಪ್ಪುತ್ತದೆ.

ಪೇರೂರಿನ ಪರಂಪರೆ ನೆರವಿಗೆ ಬರುವುದು ಇಲ್ಲಿ. ವೀರಶೈವ ಸಂತ ಶಾಂತಲಿಂಗ ಸ್ವಾಮಿಗಳ ಹೆಸರಿನ ಮಠ ಅಲ್ಲಿದೆ; ಅವರ ಶಿಷ್ಯ ಕುಮಾರದೇವರು ಕನ್ನಡ ನಾಡಿನ ಅರಸುಮನೆತನವನ್ನು ತೊರೆದು ಬಂದವರೆಂದು ಸಂಪ್ರದಾಯ ಹೇಳುತ್ತದೆ. ಅದೇ ಕಾಲದ ಶಿವಪ್ರಕಾಶ ಸ್ವಾಮಿಗಳು ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ತಮಿಳಿಗೆ ತಂದರು. ಕನ್ನಡದ ಅಲ್ಲಮ ಹೀಗೆ ತಮಿಳುನಾಡಿನ ಓದುಗರ ಬಳಿ ಹೋದದ್ದೂ ಒಂದು ಬಗೆಯ ದೂರಬೋಧನೆಯೇ ಎನ್ನಬಹುದು. ಈ ಪರಂಪರೆಯಲ್ಲಿ ದೀಕ್ಷೆ, ಅಂದರೆ ಗುರು ಶಿಷ್ಯನನ್ನು ತನ್ನವನನ್ನಾಗಿ ಮಾಡಿಕೊಂಡು ಅರಿವಿನ ಹಾದಿಗೆ ಹಚ್ಚುವ ಸಂಸ್ಕಾರ, ಮೂರು ತೆರನಾದುದು: ತಲೆಯ ಮೇಲೆ ಕೈಯಿಡುವ ವೇಧಾ, ಕಿವಿಯಲ್ಲಿ ಮಂತ್ರ ಹೇಳುವ ಮಂತ್ರ, ಅಂಗೈಯಲ್ಲಿ ಇಷ್ಟಲಿಂಗವಿಡುವ ಕ್ರಿಯಾ. ಮೂರಕ್ಕೂ ಮೈ ಬೇಕು. ದೂರದಿಂದ ಇದಾವುದೂ ಸಾಧ್ಯವಿಲ್ಲ. ಆದರೆ ‘ಕುಲಾರ್ಣವ ತಂತ್ರ’ ಎಂಬ ಶಾಕ್ತ ಗ್ರಂಥದಲ್ಲಿ ಇನ್ನೊಂದು ವಿಂಗಡಣೆ ಇದೆ. ಸ್ಪರ್ಶದಿಂದ ಆಗುವ ದೀಕ್ಷೆ ಹಕ್ಕಿ ರೆಕ್ಕೆಯ ಬಿಸುಪಿನಿಂದ ಮರಿಗಳನ್ನು ಬೆಳೆಸುವಂಥದು; ದೃಷ್ಟಿಯಿಂದ ಆಗುವುದು ಮೀನು ನೋಟದಿಂದಲೇ ಮರಿಗಳನ್ನು ಪೋಷಿಸುವಂಥದು; ಮಾನಸ ದೀಕ್ಷೆಯೆಂಬುದು ಆಮೆ ಬರಿಯ ಸ್ಮರಣೆಯಿಂದ ತನ್ನ ಮರಿಗಳನ್ನು ಸಲಹುವಂಥದು. ಶೈವಸಿದ್ಧಾಂತಿಗಳೂ ದೀಕ್ಷೆಯ ಏಳು ಬಗೆಗಳಲ್ಲಿ ಮಾನಸವನ್ನು ಸೇರಿಸಿದ್ದಾರೆ.

ಪ್ರಾಣಿಶಾಸ್ತ್ರವಾಗಿ ಇದು ನಿಲ್ಲುವುದಿಲ್ಲ. ಆಮೆ ದಡದ ಮರಳಿನಲ್ಲಿ ಮೊಟ್ಟೆ ಹುಗಿದು ನೀರಿಗೆ ಮರಳಿದರೆ ತಿರುಗಿ ನೋಡುವುದಿಲ್ಲ. ತತ್ತ್ವವಾಗಿ ಮಾತ್ರ ಇದು ಗಟ್ಟಿ. ಸನ್ನಿಧಿಯೆಂಬುದು ಮೈಗಳ ಸಾಮೀಪ್ಯ ಒಂದೇ ಅಲ್ಲವೆಂದು ಒಪ್ಪಿಕೊಂಡರೂ, ಆ ಸಾಮೀಪ್ಯ ಇಲ್ಲದ ಕಡೆ ಏನಿರಬೇಕು ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಹೊಣೆಯನ್ನು ಮರಿಯ ಮೇಲಲ್ಲ, ತಾಯಿಯ ಮೇಲೆ ಇಡುತ್ತದೆ. ಏಕಲವ್ಯನ ಕಥೆಯಲ್ಲಿ ಸ್ಮರಿಸುವವನು ಶಿಷ್ಯ, ಆಮೆಯ ದೃಷ್ಟಾಂತದಲ್ಲಿ ಸ್ಮರಿಸುವವರು ಗುರು. ದೂರಬೋಧನೆಯ ಧರ್ಮಾಧರ್ಮ ಪೂರ್ತಿಯಾಗಿ ಈ ದಿಕ್ಕಿನ ವ್ಯತ್ಯಾಸದಲ್ಲಿ ಅಡಗಿದೆ.

ಸಿದ್ಧಪುರುಷರಿಗೆ ಹೇಳಿದ್ದನ್ನು ಸಂಬಳಕ್ಕೆ ದುಡಿಯುವ ಮೇಷ್ಟರಿಗೆ ಹೊರಿಸುವುದು ಅನ್ಯಾಯವೆಂಬ ಆಕ್ಷೇಪ ಬರಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಇಲ್ಲಿ ಸ್ಮರಣೆಯೆಂದರೆ ಕಣ್ಮುಚ್ಚಿ ಕುಳಿತ ಧ್ಯಾನವಲ್ಲ. ಹಾಜರಿ ಪುಸ್ತಕದಲ್ಲಿ ಮೂರು ದಿನದಿಂದ ಫೋಟೊ ಕಳಿಸದ ಹೆಸರು ಯಾವುದೆಂದು ಗಮನಿಸುವುದು, ಅಪ್ಪನಿಗೆ ಊಟದ ಬಿಡುವಿನ ವೇಳೆಗೆ ಸರಿಯಾಗಿ ಫೋನು ಹಚ್ಚುವುದು, ಇಬ್ಬರು ಮಕ್ಕಳಿಗೆ ಒಂದೇ ಟಿವಿ ಇರುವ ಮನೆಯಲ್ಲಿ ಹತ್ತನೆಯ ತರಗತಿಯ ಅಕ್ಕನ ಪಾಠಕ್ಕೂ ತಮ್ಮನ ಕಾರ್ಟೂನಿಗೂ ಜಗಳವಾಗುತ್ತದೆಂದು ತಿಳಿದಿರುವುದು, ಇವೇ ಮಾನಸ ದೀಕ್ಷೆಯ ಲೌಕಿಕ ರೂಪ. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸ ಮಾಡಲಾರದು. ಮದುಕ್ಕರೈ ಅರಣ್ಯವಲಯದಲ್ಲಿ ಇದಕ್ಕೆ ಅನಿರೀಕ್ಷಿತವಾದ ನಿದರ್ಶನವೊಂದಿದೆ: 2021ರ ನವೆಂಬರ್‌ನಲ್ಲಿ ನವಕ್ಕರೈ ಬಳಿ ಮೂರು ಆನೆಗಳು ರೈಲಿಗೆ ಸಿಕ್ಕಿ ಸತ್ತ ಮೇಲೆ, 2024ರ ಫೆಬ್ರುವರಿಯಲ್ಲಿ ಅರಣ್ಯ ಇಲಾಖೆ ಹಳಿಯುದ್ದಕ್ಕೂ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳನ್ನು ನಿಲ್ಲಿಸಿತು. ಆ ಕ್ಯಾಮೆರಾಗಳಿಂದ ಆನೆ ಉಳಿಯುವುದು ಅವು ನೋಡುವುದರಿಂದಲ್ಲ. ಎಚ್ಚರಿಕೆ ಬಂದ ಕೂಡಲೇ ರೈಲಿನ ವೇಗ ತಗ್ಗಿಸುವಂತೆ ತಿಳಿಸಲು ಒಬ್ಬರು ಕಾದಿರುವುದರಿಂದ.

ಕಾಲದ ಅಂತರವೂ ಇಲ್ಲಿ ವಿಚಾರಿಸಬೇಕಾದ ಸಂಗತಿ. ತೈತ್ತಿರೀಯ ಉಪನಿಷತ್ತು ಆಚಾರ್ಯನನ್ನು ಪೂರ್ವಾಕ್ಷರವೆಂದೂ ಶಿಷ್ಯನನ್ನು ಉತ್ತರಾಕ್ಷರವೆಂದೂ ವಿದ್ಯೆಯನ್ನು ಅವೆರಡರ ಸಂಧಿಯೆಂದೂ ಕಲ್ಪಿಸುತ್ತದೆ. ವ್ಯಾಕರಣದಲ್ಲಿ ಸಂಧಿಯಾಗಬೇಕಾದರೆ ಅಕ್ಷರಗಳ ನಡುವೆ ಅತ್ಯಂತ ಸಾಮೀಪ್ಯ ಇರಬೇಕೆಂದು ಪಾಣಿನಿ ಹೇಳಿದರೆ, ವೈಯಾಕರಣರು ಆ ಸಾಮೀಪ್ಯವನ್ನು ಅಳೆದದ್ದು ಅರ್ಧಮಾತ್ರೆಯೆಂಬ ಕಾಲಮಾನದಿಂದ, ಜಾಗದ ಅಳತೆಯಿಂದಲ್ಲ. ತರಗತಿಯಲ್ಲಿ ಹುಬ್ಬು ಗಂಟಿಕ್ಕಿದ ಕ್ಷಣವೇ ಮೇಷ್ಟರ ಸೀಮೆಸುಣ್ಣ ನಿಲ್ಲುತ್ತದೆ. ಸೋಮವಾರದ ವಿಡಿಯೊದಲ್ಲಿ ಹುಟ್ಟಿದ ಸಂಶಯಕ್ಕೆ ಗುರುವಾರ ಉತ್ತರ ಬಂದರೆ ಅಷ್ಟರಲ್ಲಿ ಸಂಶಯವೇ ಸತ್ತಿರುತ್ತದೆ. ತಂತ್ರಜ್ಞರು ಈ ಅಂತರವನ್ನು ಕಿರಿದುಗೊಳಿಸಲು ಹೆಣಗಿದ್ದಾರೆ. ಮದುಕ್ಕರೈಗೆ ಹತ್ತಿರದ ಎಟ್ಟಿಮಡೈಯಲ್ಲಿ ನೆಲೆಯಿರುವ ಅಮೃತ ವಿಶ್ವವಿದ್ಯಾಪೀಠವು ನೇರ ಸಂವಾದದ ದೂರಬೋಧನೆಗಾಗಿ ‘ಎ-ವ್ಯೂ’ ಎಂಬ ತಂತ್ರಾಂಶ ರೂಪಿಸಿತ್ತು. ಬಂದವರನ್ನೆಲ್ಲ ಅಪ್ಪಿಕೊಂಡು ಹರಸುವುದಕ್ಕೆ ಹೆಸರಾದ ಗುರುವಿನ ಮಠವೇ ನಡೆಸುವ ಸಂಸ್ಥೆಯಿದು ಎಂಬುದು, ಹಕ್ಕಿಯ ದಾರಿಯಲ್ಲಿ ಇರುವವರೂ ಆಮೆಯ ದಾರಿಯನ್ನು ಬಿಟ್ಟುಕೊಡಲಾರರು ಎಂಬುದಕ್ಕೆ ಸಾಕ್ಷಿ.

ಯಾರನ್ನು ನೆನೆದು ಪಾಠ ಸಿದ್ಧವಾಗುತ್ತದೆ ಎಂಬ ಪ್ರಶ್ನೆ ಕನ್ನಡ ಮನೆಮಾತಿನವರಿಗೆ ಇನ್ನೂ ಒಂದು ಮಗ್ಗುಲಲ್ಲಿ ತಟ್ಟುತ್ತದೆ. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರೂ ಒಕ್ಕಲಿಗರೂ ಮನೆಯೊಳಗೆ ಕನ್ನಡವಾಡುತ್ತ, ಶಾಲೆಯಲ್ಲಿ ತಮಿಳು ಕಲಿಯುತ್ತ ತಲೆಮಾರುಗಳಿಂದ ಬದುಕಿದ್ದಾರೆ. ಹೊಸ್ತಿಲು ದಾಟಿದರೆ ನುಡಿ ಬದಲಾಗುವುದು ಅವರಿಗೆ ಸಹಜ. ಶಾಲೆ ಮನೆಯೊಳಗೆ ಬಂದಾಗ ಆ ಹೊಸ್ತಿಲು ಅಳಿಸಿತು: ಟಿವಿಯಲ್ಲಿ ತಮಿಳಿನ ಭೌತಶಾಸ್ತ್ರ, ಪಕ್ಕದಲ್ಲಿ ಅಜ್ಜಿಯ ಕನ್ನಡ. 2020ರ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಕರ್ನಾಟಕದ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗಾಗಿ ‘ಸಂವೇದ’ ಪಾಠಗಳು ಬಂದವು. ಡಿಶ್ ಇರುವ ಕೊಯಮತ್ತೂರಿನ ಮನೆಗೂ ಆ ಕನ್ನಡ ತಲುಪುತ್ತಿತ್ತು, ಆದರೆ ಪಠ್ಯಕ್ರಮ ಬೇರೆ, ಪರೀಕ್ಷೆ ಬೇರೆ. ಕಿವಿಗೆ ಬಿದ್ದ ಮಾತೆಲ್ಲ ತನ್ನನ್ನು ಉದ್ದೇಶಿಸಿದ್ದಲ್ಲವೆಂದು ಮಗುವಿಗೆ ಬೇಗ ತಿಳಿಯುತ್ತದೆ. ಕೇರಳ 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ಆರಂಭಿಸಿದ ‘ಫಸ್ಟ್ ಬೆಲ್’ ಕಾಸರಗೋಡಿನ ಕನ್ನಡ ಮಾಧ್ಯಮದವರಿಗೂ ಪಾಠಗಳನ್ನು ಸಿದ್ಧಪಡಿಸಿತು. ತಾಂತ್ರಿಕವಾಗಿ ಅದು ಹೆಚ್ಚಿನದೇನಲ್ಲ, ಅಲ್ಲೊಂದು ಮಗು ಇದೆಯೆಂದು ಯಾರೋ ನೆನೆದದ್ದೇ ಹೆಚ್ಚು.

ತಮಿಳುನಾಡು 2021ರ ಅಕ್ಟೋಬರ್‌ನಲ್ಲಿ ‘ಇಲ್ಲಂ ತೇಡಿ ಕಲ್ವಿ’ ಯೋಜನೆಯಡಿ ಸ್ವಯಂಸೇವಕರನ್ನು ಮಕ್ಕಳ ವಾಸಸ್ಥಳಕ್ಕೇ ಕಳಿಸಿ ಸಂಜೆಪಾಠ ಹೇಳಿಸಿತು. ವಾಹಿನಿಯೊಂದರಿಂದಲೇ ಆಗದೆಂದು ಸರಕಾರವೇ ಒಪ್ಪಿದ ಹಾಗಾಯಿತು. ಆದರೆ ಅದು ಎಂಟನೆಯ ತರಗತಿಯವರೆಗೆ ಮಾತ್ರ. ಒಂಬತ್ತು, ಹತ್ತರವರು ದೊಡ್ಡವರೆಂದು ಎಣಿಸಿಯೋ ಏನೋ, ಹೊರಗುಳಿದರು. ಅದಕ್ಕೂ ಮೊದಲು, 2020ರ ಜೂನ್ 9ರಂದು, ಹತ್ತನೆಯ ತರಗತಿಯ ಪರೀಕ್ಷೆ ರದ್ದಾಗಿ ಎಲ್ಲರೂ ತೇರ್ಗಡೆಯಾದಾಗ, ಅಂಕದ ಶೇ 80 ಭಾಗವನ್ನು ಕಾಲುವಾರ್ಷಿಕ ಮತ್ತು ಅರ್ಧವಾರ್ಷಿಕ ಪರೀಕ್ಷೆಗಳಿಂದಲೂ ಶೇ 20 ಭಾಗವನ್ನು ಹಾಜರಿಯಿಂದಲೂ ಎಣಿಸಲಾಯಿತು. ಸನ್ನಿಧಿಗೆ ಬೆಲೆ ಕಟ್ಟಿದ ಅಪರೂಪದ ಲೆಕ್ಕವಿದು: ಐದರಲ್ಲೊಂದು ಪಾಲು, ಅದೂ ಮಾರ್ಚ್‌ಗೆ ಮುಂಚೆ ಬೆಂಚಿನ ಮೇಲೆ ಕುಳಿತ ಮೈಗೆ ಸಿಕ್ಕ ಪಾಲು. ಬಾಗಿಲು ಮುಚ್ಚಿದ ಮೇಲಿನ ತಿಂಗಳುಗಳಲ್ಲಿ ಯಾರು ಯಾರಿಗೆ ಎಷ್ಟು ಸಲ ಫೋನು ಮಾಡಿದರೆಂಬುದಕ್ಕೆ ಆ ಲೆಕ್ಕದಲ್ಲಿ ಅಂಕಣವಿರಲಿಲ್ಲ.