ಮೊಟ್ಟೆ, ಬಾಳೆಹಣ್ಣು, ದಾಸೋಹ

2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಬಂದ ಜಿಲ್ಲೆಗಳಲ್ಲಿ ಬೀದರ್ ಒಂದು. 2021ರ ಡಿಸೆಂಬರ್‌ನಲ್ಲಿ ಭಾಲ್ಕಿ, ಔರಾದ್ ಸೇರಿ ಜಿಲ್ಲೆಯ ಶಾಲೆಗಳಲ್ಲಿ ಎಂಟನೇ ತರಗತಿವರೆಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು: ಕೂಡಿ ಉಣ್ಣುವಲ್ಲಿ ಭೇದ ಹುಟ್ಟುತ್ತದೆ ಎಂದು. ಹಗುರವಾಗಿ ತಳ್ಳುವ ಮಾತಲ್ಲ ಇದು. ಆದರೆ ಒಂದೇ ಸಾಲಿನಲ್ಲಿ, ಅನ್ನ-ಸಾಂಬಾರಿನ ಪಕ್ಕ ಒಬ್ಬನಿಗೆ ಸುಲಿದ ಮೊಟ್ಟೆ, ಮೊಟ್ಟೆ ತಿನ್ನದ ಇನ್ನೊಬ್ಬಳಿಗೆ ಬಾಳೆಹಣ್ಣು ಇದ್ದರೆ ಪಂಕ್ತಿ ಮುರಿಯದು. ಬೇರೆ ಸಾಲು ಹಾಕಿದರೆ ಮುರಿಯುತ್ತದೆ. ದಾಸೋಹದಲ್ಲಿ ನೀಡುವವನು ಸೇವಕ; ತನ್ನ ವ್ರತವನ್ನೇ ಬಡಿಸುವ ಹಕ್ಕು ಅವನಿಗೆಲ್ಲಿಯದು? ಸಸ್ಯಾಹಾರಿ ಮಗುವಿನ ಮನಸ್ಸು ನೋಯದೇ ಎಂದರೆ, ನೋಯಬಹುದು. ಅದಕ್ಕೆ ಪಾತ್ರೆ, ಸೌಟು ಬೇರೆಯಿರಲಿ. ಮನೆಯಲ್ಲಿ ತಿನ್ನುವುದನ್ನು ಶಾಲೆ ಮೈಲಿಗೆಯೆಂದರೆ ಇನ್ನೊಂದು ಮಗುವಿಗೂ ನೋವೇ, ಅದಕ್ಕೆ ಬೇರೆ ಸೌಟು ಸಾಲದು.